ಬರಹ, ಧ್ವನಿ, ಚಿತ್ರ: ಡಿಜಿಟಲ್ ಸಂಪಾದನೆ ಮತ್ತು ಪ್ರಕಟಣೆ

1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರತಂದ ‘ಮಂಗಳೂರ ಸಮಾಚಾರ’ವನ್ನು ಓದಲು ಇಂದಿಗೂ ಕಣ್ಣೆರಡಿದ್ದರೆ ಸಾಕು. ಆದರೆ 2000ದ ಸುಮಾರಿಗೆ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಎಷ್ಟೋ ಸ್ಮರಣ ಸಂಚಿಕೆಗಳ ಕಡತಗಳು ಈಗ ತೆರೆಯುವುದಿಲ್ಲ. ತೆರೆದರೂ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಿಸುತ್ತದೆ. ಚರ್ಚಿನ ಇತಿಹಾಸ, ಹಿರಿಯರ ಮಾತು, ಹಬ್ಬದ ಚಿತ್ರಗಳು ಇಂಥ ಕಡತಗಳಲ್ಲೇ ಇರುವುದರಿಂದ, ಅವುಗಳ ಸಂಪಾದನೆಯಲ್ಲಿ ತೊಡಗಿರುವವರಿಗಾಗಿ ಈ ಮಾಹಿತಿ ನೀಡುತ್ತಿದ್ದೇವೆ.

ಮೂರು ಪ್ರತಿಗಳು
ಮೊದಲನೆಯದು ಮೂಲ ಪ್ರತಿ, ಅದನ್ನು ತಿದ್ದಬಾರದು. ಎರಡನೆಯದು ಸಂಪಾದಿತ ಪ್ರತಿ. ಮೂರನೆಯದು ಪ್ರಕಟಣೆಗಾಗಿ ಗಾತ್ರ ಕುಗ್ಗಿಸಿದ ಪ್ರತಿ. ಮೂರನೆಯದು ಹಾಳಾದರೆ ಮತ್ತೆ ಮಾಡಿಕೊಳ್ಳಬಹುದು. ಮೊದಲನೆಯದು ಹೋದರೆ ಹೋದಂತೆಯೇ.

ಪಠ್ಯ
ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲು ಸಾಧ್ಯವಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ಕನ್ನಡ ಲಿಪಿಯ ಕೊಂಕಣಿ, ತುಳು ಬರಹಗಳಿಗೂ ಅವೇ ಸಾಕು.

ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಬದಲಾಯಿಸಿದ ಮೇಲೆ ಒಮ್ಮೆ ಪೂರ್ತಿ ಓದಲೇಬೇಕು. ‘ಧರ್ಮ’, ‘ಮಾರ್ಗ’ದಂಥ ಅರ್ಕಾವೊತ್ತಿನ ಪದಗಳಲ್ಲಿ ತಪ್ಪು ನುಸುಳುವುದು ಹೆಚ್ಚು. ಹೆಸರುಗಳಲ್ಲೂ ಎಚ್ಚರ ಬೇಕು: ‘ಫ್ರಾನ್ಸಿಸ್‌ರವರು’ ಎಂಬಲ್ಲಿ ಕಣ್ಣಿಗೆ ಕಾಣದ ಬೇರ್ಪಡಿಕೆ ಸಂಕೇತ ಬಿಟ್ಟುಹೋದರೆ ‘ಫ್ರಾನ್ಸಿಸ್ರವರು’ ಆಗುತ್ತದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರಲ್ಲಿ ಉಳಿದಿರುವ ಪುಟಗಳನ್ನು ತೆರೆಯಲು ಸಾಧ್ಯವಿರುವಾಗಲೇ ಪಿಡಿಎಫ್ ಮಾಡಿ, ಪಠ್ಯವನ್ನು ಬೇರೆಯಾಗಿಯೂ ಉಳಿಸಿಕೊಳ್ಳಬೇಕು.

ಧ್ವನಿ
ಮೂಲ ಧ್ವನಿಮುದ್ರಣವನ್ನು ವೇವ್ ರೂಪದಲ್ಲಿಡಬೇಕು. ಸಿ.ಡಿ. ಗುಣಮಟ್ಟದ ಸ್ಟೀರಿಯೋಗೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಕು. ಬರೀ ಮಾತಾದರೆ ಮೋನೋ ಸಾಕು, ಗಾತ್ರ ಅರ್ಧಕ್ಕಿಳಿಯುತ್ತದೆ. ಎಂ.ಪಿ.3 ರೂಪ ಕೇಳುಗರಿಗೆ ಹಂಚಲು ಮಾತ್ರ. ತಿದ್ದಿ ಮತ್ತೆ ಉಳಿಸಿದಷ್ಟೂ ಅದರ ಗುಣಮಟ್ಟ ಇಳಿಯುತ್ತದೆ. ಗದ್ದಲ ತಗ್ಗಿಸಲು, ಕತ್ತರಿಸಲು ಉಚಿತ ತಂತ್ರಾಂಶ ಆಡಾಸಿಟಿ ಸಾಕಾಗುತ್ತದೆ. ಹಿರಿಯರ ಮಾತನ್ನು ಕತ್ತರಿಸುವಾಗ ಕೆಮ್ಮು ತೆಗೆಯಬಹುದು. ಅರ್ಥ ಬದಲಾಗುವಂತೆ ವಾಕ್ಯ ತೆಗೆಯಬಾರದು.

ಚಿತ್ರ
ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಟಿಫ್ ರೂಪದಲ್ಲಿ ಉಳಿಸಿ, ಅಂತರ್ಜಾಲಕ್ಕೆ ಜೆಪೆಗ್ ಪ್ರತಿ ಬಳಸಬಹುದು. 6x4 ಅಂಗುಲದ ಚಿತ್ರ ಅಚ್ಚಿನಲ್ಲಿ ಚೆನ್ನಾಗಿ ಬರಲು 300 ಡಿಪಿಐ ಲೆಕ್ಕದಲ್ಲಿ 1800x1200 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳುಹಿಸಿದರೆ ಪಿಕ್ಸೆಲ್‌ಗಳು ಕಡಿಮೆಯಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲದಂತೆಯೇ ತಲಪುತ್ತದೆ. ಚಿತ್ರದಲ್ಲಿರುವವರ ಹೆಸರು, ಸ್ಥಳ, ದಿನಾಂಕವನ್ನು ಅಂದೇ ಬರೆದಿಡಬೇಕು. ಗುರುತಿಸುವವರು ತೀರಿಹೋದ ಮೇಲೆ ಎಷ್ಟು ಸ್ಪಷ್ಟ ಚಿತ್ರವಾದರೂ ಅದು ಅಪರಿಚಿತರ ಚಿತ್ರವೇ. ಮಕ್ಕಳ ಚಿತ್ರ ಪ್ರಕಟಿಸುವ ಮೊದಲು ಹೆತ್ತವರ ಒಪ್ಪಿಗೆ ಪಡೆಯಬೇಕು.

ಕಾಪಾಡುವುದು
ಕಡತದ ಹೆಸರು ದಿನಾಂಕದಿಂದ ಆರಂಭವಾದರೆ (2008-12-25 ಎಂಬಂತೆ) ವರ್ಷಾನುಕ್ರಮದಲ್ಲಿ ತಾನಾಗಿ ಜೋಡಣೆಯಾಗುತ್ತದೆ. ಮೂಲ ಪ್ರತಿಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ಎರಡು ಬೇರೆ ಕಟ್ಟಡಗಳಲ್ಲಿ ಇಟ್ಟು ವರ್ಷಕ್ಕೊಮ್ಮೆ ತೆರೆದು ಪರೀಕ್ಷಿಸಬೇಕು.

ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಕ್ಯಾಸೆಟ್‌ಗಳಿಂದ ಆರಂಭಿಸುವುದು ಲೇಸು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗಿವೆ. 60 ನಿಮಿಷದ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಲು ಬೇಕಾದದ್ದು 60 ನಿಮಿಷವಷ್ಟೇ. ಚರ್ಚಿನ ಯುವಜನರು ವಾರಕ್ಕೊಂದರಂತೆ ಕೈಗೆತ್ತಿಕೊಂಡರೂ ವರ್ಷದೊಳಗೆ 50 ಕ್ಯಾಸೆಟ್ ಉಳಿಯುತ್ತವೆ.