ಕಾಕಾನ ಮೃತ್ಯುಪತ್ರ

ನಮ್ಮ ತಿರ್ಲಾಪುರದ ಕಡೆ ಹಳೇ ಮಂದಿ ಉಯಿಲು ಎನ್ನುವುದಿಲ್ಲ, ಮೃತ್ಯುಪತ್ರ ಎನ್ನುತ್ತಾರೆ. ಕಾಕಾ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅಂಥದೊಂದು ಸಿಕ್ಕಿತು. ಮಕ್ಕಳಿಲ್ಲದ ಮನುಷ್ಯ. ತನ್ನ ಪಾಲಿಗೆ ಬಂದ ನಾಲ್ಕು ಎಕರೆ ಎರಿ ಹೊಲವನ್ನು ಕಾಕಿ ಬದುಕಿರುವತನಕ ಉಣ್ಣಬೇಕು, ಅನಂತರ ಅದರ ಪೀಕಿನ ರೊಕ್ಕದಿಂದ ಊರ ಸಾಲಿ ಹುಡುಗರಿಗೆ ಪುಸ್ತಕ ಕೊಡಿಸಬೇಕು ಎಂದು ಬರೆದಿದ್ದ. ಕೆಳಗೆ ಸಹಿ, ಇಬ್ಬರ ಸಾಕ್ಷಿ. ಕಚೇರಿ ಮುಂದೆ ಕೂಡುವ ಏಜೆಂಟನೊಬ್ಬ ಅದನ್ನು ನೋಡಿ, “ಪ್ರೊಬೇಟ್ ಆಗದ ಉತಾರದಾಗ ಹೆಸರು ಹತ್ತೂದಿಲ್ಲರೀ” ಎಂದು ಮೊದಲ ಕಂತಿನ ರೊಕ್ಕ ಕೇಳಿದ.

ಪ್ರೊಬೇಟ್ ಎಂದರೆ ಮೃತ್ಯುಪತ್ರ ಖರೇ ಎಂದು ಕೋರ್ಟು ಮುದ್ರೆ ಒತ್ತಿಕೊಡುವುದು. ಅದರ ಬೆನ್ನು ಹತ್ತಿ ಹೋದಾಗಲೇ ನನಗೆ ಈ ಇತಿಹಾಸ ತಿಳಿದದ್ದು. 1870ರ ಹಿಂದೂ ಉಯಿಲುಗಳ ಕಾಯ್ದೆ ಬಂಗಾಳಕ್ಕೆ, ಮದರಾಸು ಮತ್ತು ಮುಂಬೈ ಪಟ್ಟಣಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಧಾರವಾಡ ಮುಂಬೈ ಇಲಾಖೆಯಲ್ಲಿತ್ತು, ಮುಂಬೈ ಪಟ್ಟಣದಲ್ಲಿರಲಿಲ್ಲ. 1925ರ ಉತ್ತರಾಧಿಕಾರ ಕಾಯ್ದೆಯೂ ಪ್ರೊಬೇಟಿನ ಕಡ್ಡಾಯವನ್ನು ಆ ಗಡಿಯಾಚೆ ನಮ್ಮ ಹಳ್ಳಿಗಳಿಗೆ ತರಲಿಲ್ಲ. ಅಷ್ಟೇ ಅಲ್ಲ, 1927ರ ಜನವರಿ 1ರವರೆಗೆ ನಮ್ಮ ಸೀಮೆಯ ಹಿಂದೂವೊಬ್ಬ ಬಾಯಿಮಾತಿನಲ್ಲೇ ಆಸ್ತಿ ಕೊಟ್ಟು ಕಣ್ಣು ಮುಚ್ಚಬಹುದಿತ್ತು. ಬರೆಯಬೇಕು, ಇಬ್ಬರು ಸಾಕ್ಷಿ ಹಾಕಬೇಕು ಎಂಬುದು ಅಂದಿನಿಂದ ಬಂದದ್ದು. ಏಜೆಂಟನಿಗೆ ಇದನ್ನು ಹೇಳಲು ಹೋಗಲಿಲ್ಲ, ಕಾಗದವನ್ನಷ್ಟೇ ಮರಳಿ ತಂದೆ.

ಬಾಯಿಮಾತು ಸಾಕಾಗಿದ್ದ ಆ ಕಾಲದಲ್ಲೇ ಶಿರಸಂಗಿಯ ಲಿಂಗರಾಜ ದೇಸಾಯಿ ಬರೆದಿಟ್ಟು ಹೋದರು. ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿ ದೇಸಗತಿಗೆ ದತ್ತಕ ಹೋದವರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾದರು, 1906ರಲ್ಲಿ ತೀರಿಕೊಂಡರು. ಇಡೀ ಆಸ್ತಿ ಲಿಂಗಾಯತ ಮಕ್ಕಳ ವಿದ್ಯೆಗೆ! ಶಿರಸಂಗಿ–ನವಲಗುಂದ ಟ್ರಸ್ಟ್ ಎಂಬ ಹೆಸರಿನಲ್ಲಿ ನಮ್ಮ ತಾಲೂಕೂ ಇದೆ. ಬೆಳಗಾವಿಯ ಲಿಂಗರಾಜ ಕಾಲೇಜಿಗೂ ಅವರದೇ ಹೆಸರು.

ಹಾಗೆ ಬರೆಯಲು ಅವರಿಗೆ ಹಕ್ಕು ಬಂದದ್ದಾದರೂ ಹೇಗೆ? ಆಗಿನ ಮಿತಾಕ್ಷರ ನ್ಯಾಯದಲ್ಲಿ ಒಟ್ಟು ಕುಟುಂಬದ ಅವಿಭಕ್ತ ಪಾಲನ್ನು ಮೃತ್ಯುಪತ್ರದಲ್ಲಿ ಕೊಡಲು ಬರುತ್ತಿರಲಿಲ್ಲ. ಪ್ರಿವಿ ಕೌನ್ಸಿಲು 1880ರಲ್ಲಿ ಮುಂಬೈ ಇಲಾಖೆಯದೇ ಒಂದು ದಾವೆಯಲ್ಲಿ ಇದನ್ನು ಖಚಿತ ಮಾಡಿತ್ತು. ಆದರೆ ಪಾಲುದಾರರಾರೂ ಉಳಿಯದ ಒಬ್ಬಂಟಿ ಒಡೆಯ ಕೊಡಬಹುದಿತ್ತು. ಲಿಂಗರಾಜರಿಗೆ ಮಗನಿರಲಿಲ್ಲ. ಬರೆದದ್ದು ಜೀವ ಹೋದ ಕ್ಷಣವೇ ಜಾರಿಗೆ ಬರುತ್ತದೆ. ಆಮೇಲೆ ವಿಧವೆ ದತ್ತಕ ತೆಗೆದುಕೊಂಡರೂ ಅದು ಅಳಿಯುವುದಿಲ್ಲ. ವ್ಯಾಜ್ಯ ನಡೆಯಿತು, ಆಸ್ತಿ ಟ್ರಸ್ಟಿಗೇ ಉಳಿಯಿತು.

ಕಾಕಾನಿಗೆ ಈ ತೊಡಕಿರಲಿಲ್ಲ, 1956ರ ಕಾಯ್ದೆ ಅವಿಭಕ್ತ ಪಾಲನ್ನೂ ಬರೆದುಕೊಡಲು ಬಿಟ್ಟಿದೆ. ಅವನ ಕಾಗದದ ಕೊರತೆ ಬೇರೆ. ದೇಸಾಯರ ಆಸ್ತಿಗೆ ನೋಡಿಕೊಳ್ಳುವ ಮಂಡಳಿಯಿತ್ತು. ಕಾಕಾ ಪುಸ್ತಕ ಕೊಡಿಸಬೇಕು ಎಂದನೇ ಹೊರತು ಕೊಡಿಸುವವರು ಯಾರೆಂದು ಬರೆಯಲಿಲ್ಲ. ಟ್ರಸ್ಟಿ ಇಲ್ಲವೆಂದು ಧರ್ಮಕಾರ್ಯ ಬೀಳುವುದಿಲ್ಲ, ನ್ಯಾಯಾಲಯ ನೇಮಿಸಬಹುದು. ಆದರೆ ನಾಲ್ಕು ಎಕರೆಗೆ ಯಾರು ದಾವೆ ಹೂಡುತ್ತಾರೆ?

ಇನ್ನೊಂದು ಗಂಟೂ ಇತ್ತು. ಜೀವನಾಂಶದ ಹಕ್ಕಿಗೆ ಬದಲಾಗಿ ವಿಧವೆಗೆ ಬಂದ ಆಸ್ತಿ, ಕಾಗದದಲ್ಲಿ ‘ಬದುಕಿರುವತನಕ’ ಎಂದಿದ್ದರೂ, ಪೂರ್ತಿ ಅವಳದೇ ಆಗುತ್ತದೆ ಎಂದು ತುಳಸಮ್ಮನ ದಾವೆಯಲ್ಲಿ ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದೆ. ಮೃತ್ಯುಪತ್ರದಿಂದ ಬಂದದ್ದು ಇದರೊಳಗೆ ಸೇರುತ್ತದೋ ಇಲ್ಲವೋ ಎಂಬ ವಾದ ಅನಂತರವೂ ನಡೆದಿದೆ. ಹೊಲ ಕಾಕಿಯದೇ ಎಂದಾದರೆ, ಅವಳ ನಂತರ ಅದು ಹುಡುಗರ ಪುಸ್ತಕಕ್ಕೆ ಹೋಗದೆ ನಮ್ಮಂಥ ವಾರಸುದಾರರ ನಡುವೆ ಹಂಚಿಹೋಗಬಹುದು. ನನಗೂ ಒಂದು ಪಾಲು ಬರಬಹುದಿತ್ತು, ಮುಚ್ಚಿಡುವುದೇಕೆ.

ಇಷ್ಟನ್ನೂ ಕಾಕಿಗೆ ತಿಳಿಯುವಂತೆ ಹೇಳಲು ಒಂದು ಸಂಜೆ ಹಿಡಿಯಿತು. ಕಡಲಿ ಹಸನ ಮಾಡುತ್ತ ಕೇಳಿದಳು.

“ಹಂಗಾದ್ರ ನಾನೂ ಒಂದು ಬರದ್ರ ಆತಿಲ್ಲ, ತಮ್ಮಾ? ಯಾರು ಪುಸ್ತಕ ಕೊಡಿಸೂದು ಅಂತ ಹೆಸರು ಹಾಕಿ?”

“ಆಗ್ತೈತಿ ಕಾಕಿ.”

“ಸಾಕ್ಷಿಗೆ ಸಣ್ಣ ವಯಸ್ಸಿನವ್ರನ್ನ ಕರ್ಕೊಂಬಾ. ನಿಮ್ಮ ಕಾಕಾನ ಸಾಕ್ಷಿದಾರ್ರೊಳಗ ಒಬ್ಬಾವ ಅವ್ನಕಿಂತ ಮದ್ಲ ಹೋದ.”