ಎಪ್ಪತ್ತೇಳು ಮಲೆಯ ಐತಿಹ್ಯವೂ ಅರಣ್ಯವೂ

ಕನ್ನಡನಾಡಿನ ದಕ್ಷಿಣ ಸೀಮೆಯಲ್ಲಿ, ಕಾವೇರೀ ನದಿಯು ತಮಿಳುನಾಡನ್ನು ಹೊಗುವ ಎಡೆಗೆ ಸಮೀಪವಾಗಿ, ಬೆಟ್ಟದ ಬೆನ್ನಿಗೆ ಬೆಟ್ಟವು ನಿಂತು ಹಬ್ಬಿರುವ ಗಿರಿಪಂಕ್ತಿಯನ್ನು ಭಕ್ತಜನರು ಎಪ್ಪತ್ತೇಳು ಮಲೆಯೆಂದು ಕರೆಯುವರು. ಇದರ ನಡುವೆ ಸುಮಾರು ೩,೦೦೦ ಅಡಿಗಳ ಎತ್ತರದಲ್ಲಿ ಶ್ರೀ ಮಲೆಯ ಮಹದೇಶ್ವರಸ್ವಾಮಿಯ ಕ್ಷೇತ್ರವಿರುವುದು. ಈ ಕೊಳ್ಳೇಗಾಲದ ಸೀಮೆಯು ೧೯೫೬ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಬಳಿಕ ಮೈಸೂರು ರಾಜ್ಯಕ್ಕೆ ಬಂದು, ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯು ರಚಿತವಾದಾಗ ಅದರೊಳಗಾಯಿತು. ಆಳುವವರ ಗಡಿಗಳು ಹೀಗೆ ಪಲ್ಲಟವಾದರೂ, ಮಲೆಯ ಜನರ ನಾಲಗೆಯ ಮೇಲಿನ ಕಥೆಯು ತನ್ನ ನೆಲೆಯನ್ನು ಬಿಡಲಿಲ್ಲ.

ತಾಳಬೆಟ್ಟದ ಬುಡದಿಂದ ಮೇಲೇರುವ ಯಾತ್ರಿಕನಿಗೆ ಮೊದಲು ತೋರುವುದು ಕಾಡು. ಬಿದಿರು ಮೆಳೆಗಳು, ಒಣಹಳ್ಳಗಳು, ಒಂದರ ಹಿಂದೊಂದು ನೀಲಿಯಾಗಿ ಮರೆಯಾಗುವ ಕೋಡುಗಳು, ಇವನ್ನು ಕಂಡವನು ಇಲ್ಲಿ ಮನುಷ್ಯನ ಕೈ ಸೋಕಿಲ್ಲವೆಂದು ಭಾವಿಸುವುದು ಸಹಜವೇ. ಆದರೆ ಈ ಭಾವನೆಯು ಅರ್ಧಸತ್ಯವು. ಈ ಮಲೆಯು ನಿರ್ಜನವಾಗಿದ್ದುದರಿಂದ ಉಳಿದುದಲ್ಲ. ಇಲ್ಲಿ ಬಾಳಿದ ಜನರು ದೇವರೊಡನೆ, ಮೃಗದೊಡನೆ, ಪರಸ್ಪರ ತಮ್ಮೊಳಗೆ ಒಂದು ಕಟ್ಟಳೆಯನ್ನು ಮಾಡಿಕೊಂಡಿದ್ದುದರಿಂದ ಉಳಿದುದು. ಆ ಕಟ್ಟಳೆಯನ್ನು ಕಾಪಾಡಿಕೊಂಡು ಬಂದಿರುವುದು ಐತಿಹ್ಯವು.

ಈ ಐತಿಹ್ಯವನ್ನು ಹೊತ್ತವರು ದೇವರಗುಡ್ಡರು. ಎಡಗೈಯಲ್ಲಿ ಬಟ್ಟಲಿನಾಕಾರದ ತಾಳವನ್ನೂ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳವನ್ನೂ ಹಿಡಿದು ಕಂಸಾಳೆಯನ್ನು ನುಡಿಸುತ್ತ ಇವರು ಸ್ವಾಮಿಯ ಚರಿತ್ರೆಯನ್ನು ಹಾಡುವರು. ಕಥೆಯ ಒಂದೊಂದು ಭಾಗಕ್ಕೂ ಸಾಲು ಎಂದು ಹೆಸರು. ಅಕ್ಷರವರಿಯದ ಕಂಠಗಳಲ್ಲಿ ತಲೆಮಾರುಗಳಿಂದ ಬಂದ ಈ ಮಹಾಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ ೧೯೭೩ರಲ್ಲಿ ಪ್ರಕಟಿಸಿದುದರಿಂದ ಅದು ವಿದ್ವಜ್ಜನರ ದೃಷ್ಟಿಗೂ ಬಿದ್ದಿತು. ಮಹದೇಶ್ವರರ ಕಾಲವು ಕ್ರಿ. ಶ. ೧೫ನೆಯ ಶತಮಾನದ ಸುಮಾರಿಗೆಂದು ಹಲವರು ವಿದ್ವಾಂಸರು ಅಭಿಪ್ರಾಯಪಟ್ಟಿರುವರು.

ಕಾವ್ಯದ ಪ್ರಕಾರ ಉತ್ತರದೇಶದಿಂದ ಬಂದ ಬಾಲಯೋಗಿಯು ಮೊದಲು ಮಠಗಳಲ್ಲಿ ತಂಗಿದನು. ಸುತ್ತೂರು ಮಠದಲ್ಲಿ ಅವನಿಗೆ ದೊರೆತುದು ಗದ್ದುಗೆಯಲ್ಲ, ರಾಗಿ ಬೀಸುವ ಕಾಯಕವು. ಅನಂತರ ಕುಂತೂರು ಮಠವನ್ನು ಸೇರಿ, ಅಲ್ಲಿಂದ ಮಲೆಯ ದಾರಿಯನ್ನು ಹಿಡಿದನು. ಬಂಕಾಪುರಿಯ ದೊರೆಯಾದ ಶ್ರವಣನು ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಳ್ಳುತ್ತಿದ್ದನಂತೆ. ಅವನನ್ನು ಅಡಗಿಸಿದುದು ಸೈನ್ಯವಲ್ಲ, ಅರಗಿನಿಂದ ಮಾಡಿದ ಪಾದರಕ್ಷೆ. ಬೀಸುವ ಕಲ್ಲು, ಮೆಟ್ಟುವ ಕೆರ ಇಂಥ ದುಡಿಯುವವರ ಸಾಮಗ್ರಿಗಳೇ ಈ ಪುರಾಣದಲ್ಲಿ ಆಯುಧಗಳಾಗಿರುವುದು ಗಮನಾರ್ಹವು. ಕಾಯಕಕ್ಕೆ ಶರಣರು ಕೊಟ್ಟ ಹಿರಿಮೆಯು ಮಲೆಯ ಮೂಲೆಯವರೆಗೆ ಹೇಗೆ ಸಂಚರಿಸಿತೆಂಬುದಕ್ಕೆ ಇದೊಂದು ಸಾಕ್ಷಿ.

ಮಲೆಯನ್ನು ಹೊಕ್ಕ ಮೇಲೆ ಕಥೆಯು ಒಂದೊಂದು ಕುಲದ ಬಾಗಿಲಿಗೂ ಹೋಗುವುದು. ಸರಗೂರಿನ ಸಾಲಿನಲ್ಲಿ ಎಳ್ಳೆಣ್ಣೆಯ ಸೇವೆಯಿದೆ. ಇಂದಿಗೂ ಅಮಾವಾಸ್ಯೆಯ ಎಣ್ಣೆಮಜ್ಜನವು ಕ್ಷೇತ್ರದ ಮುಖ್ಯ ಸೇವೆಗಳಲ್ಲೊಂದಾಗಿದೆ. ಆಲಂಬಾಡಿಯ ಜುಂಜೇಗೌಡನು ಹಾಲುಮತದವನು, ದನಗಳ ಹಿಂಡುಳ್ಳ ಸಿರಿವಂತನು. ಅವನ ಆಕಳು ಹುತ್ತಕ್ಕೆ ಹಾಲು ಕರೆದುದರಿಂದ ಸ್ವಾಮಿಯ ಇರವು ತಿಳಿದು, ಅವನೇ ಗುಡಿಯನ್ನು ಕಟ್ಟಿಸಿದನೆಂದು ಪ್ರತೀತಿ. ಆಲಂಬಾಡಿಯೆಂಬ ದನದ ತಳಿಯು ಆ ಊರಿನ ಹೆಸರನ್ನೇ ಧರಿಸಿರುವುದು.

ಸೋಲಿಗರ ಸಂಕಮ್ಮನ ಸಾಲು ಇವುಗಳಲ್ಲಿ ಅತ್ಯಂತ ಕರುಣಾಮಯವಾದುದು. ಗಂಡನಾದ ನೀಲೇಗೌಡನು ಕಾಡಿಗೆ ಹೊರಡುವ ಮುನ್ನ ಪಾತಿವ್ರತ್ಯಕ್ಕೆ ಬಲಗೈ ಭಾಷೆಯನ್ನು ಕೇಳುವನು, ಅವಳು ಕೊಡಲೊಪ್ಪಳು. ಸಂಶಯದಿಂದ ಅವನು ಅವಳನ್ನು ಬಂಧನದಲ್ಲಿಟ್ಟು ಹೋಗಲು, ಮಹದೇಶ್ವರರು ಬಂದು ಅವಳ ಸೆರೆಯನ್ನು ಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳ ವರವನ್ನು ಕೊಡುವರು. ಮಲೆಯ ಮೂಲನಿವಾಸಿಗಳಾದ ಸೋಲಿಗರು ಸ್ವಾಮಿಯ ಒಕ್ಕಲಾದುದು ಹೀಗೆ. ಪೂಜೆಯ ಹಕ್ಕು ಬೇಡಗಂಪಣರದು. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಹಳ್ಳದಿಂದ ನೀರನ್ನು ಹೊತ್ತು ತರುವವರು ಅವರ ಮನೆಯ ಹೆಣ್ಣುಮಕ್ಕಳು. ಸಾಲೂರು ಮಠವು ಮಲೆಯ ಮೇಲೆಯೇ ನೆಲೆಗೊಂಡಿದೆ.

ಹೀಗೆ ಜೇನು ಕೀಳುವವನಿಗೆ, ದನ ಮೇಯಿಸುವವನಿಗೆ, ಎಣ್ಣೆ ಕೊಡುವವಳಿಗೆ, ನೀರು ಹೊರುವ ಬಾಲಿಕೆಗೆ ಐತಿಹ್ಯವು ಒಂದೊಂದು ಸ್ಥಾನವನ್ನು ಕೊಟ್ಟಿದೆ. ಇಷ್ಟೇ ಅಲ್ಲ, ಹುಲಿಗೂ ಸ್ಥಾನವನ್ನು ಕೊಟ್ಟಿದೆ. ಏಕೆಂದರೆ ಹುಲಿಯೇ ಸ್ವಾಮಿಯ ವಾಹನವು. ಜುಂಜೇಗೌಡನ ಆಕಳೂ ಮಾದಪ್ಪನ ಹುಲಿಯೂ ಒಂದೇ ಹಾಡಿನಲ್ಲಿ ಬರುವುದು ಅಲಂಕಾರಕ್ಕಾಗಿ ಮಾತ್ರವಲ್ಲ. ದನವುಳ್ಳವನೂ ಹುಲಿಯೂ ಒಂದೇ ಕಾಡನ್ನು ಹಂಚಿಕೊಳ್ಳಬೇಕಾದ ಕಷ್ಟವನ್ನು ಹಿಂದಿನವರು ಅರಿತಿದ್ದರು.

ಈ ಕಾಡಿನ ಸುಮಾರು ೯೦೬ ಚದರ ಕಿಲೋಮೀಟರು ಪ್ರದೇಶವು ೨೦೧೩ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಬಿಳಿಗಿರಿರಂಗನ ಬೆಟ್ಟ, ಕಾವೇರೀ ವನ್ಯಜೀವಿಧಾಮ, ತಮಿಳುನಾಡಿನ ಸತ್ಯಮಂಗಲ ಅರಣ್ಯಗಳ ನಡುವೆ ಇದು ಕೊಂಡಿಯಂತಿದ್ದು, ಆನೆಗಳ ಸಂಚಾರಕ್ಕೆ ಹಾದಿಯಾಗಿದೆ. ಕ್ಷೇತ್ರವೂ ಬೆಳೆದಿದೆ, ೨೦೨೩ರಲ್ಲಿ ಹುಲಿಯನ್ನೇರಿದ ಸ್ವಾಮಿಯ ೧೦೮ ಅಡಿಗಳ ಪ್ರತಿಮೆಯು ಲೋಕಾರ್ಪಣವಾಯಿತು.

ಅದಾದ ಎರಡು ವರ್ಷಗಳಲ್ಲಿಯೇ, ೨೦೨೫ರ ಜೂನ್ ತಿಂಗಳಿನಲ್ಲಿ, ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುವು. ಹುಲಿಯು ಕೊಂದ ಹಸುವಿನ ಕಳೇಬರಕ್ಕೆ ವಿಷವಿಕ್ಕಿದ್ದೇ ಕಾರಣವೆಂದು ತಿಳಿದುಬಂದಿತು. ಈ ವಾರ್ತೆಯು ನಾಡೆಲ್ಲವನ್ನೂ ಕಲಕಿತು. ಹಸುವನ್ನು ಕಳೆದುಕೊಂಡ ಬಡವನ ದುಃಖವು ಅಲ್ಪವಾದುದಲ್ಲ; ಅವನ ನಷ್ಟವನ್ನು ತಡಮಾಡದೆ ತುಂಬಿಕೊಡುವುದು ಸರಕಾರದ ಧರ್ಮವು. ಆದರೆ ಕಲ್ಲಿನ ಹುಲಿಗೆ ಕೈಮುಗಿದು ಜೀವಂತ ಹುಲಿಗೆ ವಿಷವಿಕ್ಕುವಲ್ಲಿ ಹಳೆಯ ಕಟ್ಟಳೆಯು ಹರಿದುಹೋಯಿತೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಹರಿದವನು ವಿಷವಿಟ್ಟವನೊಬ್ಬನೇ ಅಲ್ಲ; ದಾರಿಯುದ್ದಕ್ಕೂ ಪ್ಲಾಸ್ಟಿಕ್ಕನ್ನು ಚೆಲ್ಲಿ, ಮಲೆಯನ್ನು ವಿನೋದಸ್ಥಾನವೆಂದು ತಿಳಿದು ಬರುವವನಿಗೂ ಅದರಲ್ಲಿ ಪಾಲುಂಟು.

ಐತಿಹ್ಯವು ಇತಿಹಾಸವಲ್ಲವೆಂದು ಅದನ್ನು ತಳ್ಳಿಹಾಕುವವರುಂಟು. ಶ್ರವಣನ ಅರಮನೆಯ ಬುನಾದಿಯನ್ನು ಅಗೆದು ತೋರಿಸಲಾಗದಿರಬಹುದು. ಆದರೆ ಈ ಬೆಟ್ಟಗಳಲ್ಲಿ ಯಾರು ಮೊದಲಿದ್ದರು, ಯಾರು ಬಂದು ಕೂಡಿಕೊಂಡರು, ಯಾವುದನ್ನು ಎಷ್ಟು ತೆಗೆದುಕೊಂಡು ಯಾವುದನ್ನು ಬಿಟ್ಟರು ಎಂಬುದು ಆ ಸಾಲುಗಳಲ್ಲಿದೆ. ಆದುದರಿಂದ ಕ್ಷೇತ್ರದರ್ಶನಕ್ಕೆ ಹೋಗುವವರು ಗುಡಿಯ ದರ್ಶನದಿಂದಲೇ ತೃಪ್ತರಾಗದೆ, ಒಂದು ರಾತ್ರಿ ಕುಳಿತು ದೇವರಗುಡ್ಡರ ಬಾಯಿಂದ ಒಂದು ಸಾಲನ್ನಾದರೂ ಕೇಳತಕ್ಕದ್ದು. ಬೆಳಗಾದ ಮೇಲೆ ಇಳಿಯುವ ದಾರಿಯಲ್ಲಿ ಕಾಣುವ ಕಾಡು ಆಗ ಕೇವಲ ಕಾಡಾಗಿ ಉಳಿಯದು. ಸೋಲಿಗನ ಜೇನು, ಗೌಡನ ಆಕಳು, ಮಾದಪ್ಪನ ಹುಲಿ ಇವುಗಳ ಮನೆಯಾಗಿ ತೋರುವುದು.