ತೊಡೆಯ ಪಾಠ, ತೆರೆಯ ಪಾಠ

ಸಂಘದ ಕುಟುಂಬಗಳು ಒಂದೆಡೆ ಸೇರಿದಾಗಲೆಲ್ಲ ಎಳೆಯ ತಂದೆತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: "ಡಾಕ್ಟ್ರೇ, ಊಟ ಮಾಡಿಸುವಾಗ ಮಗುವಿಗೆ ಫೋನಿನಲ್ಲಿ ಕನ್ನಡ ಹಾಡು ಹಾಕಿ ಕೊಡ್ತೇವೆ. ಇಲ್ಲಿ ಅಜ್ಜಿ ತಾತ ಯಾರೂ ಇಲ್ಲ, ಹಾಗಾದರೂ ಭಾಷೆ ಬರಲಿ ಅಂತ. ತಪ್ಪಿಲ್ಲ ತಾನೆ?" ಇದಕ್ಕೆ ಒಂದೇ ಮಾತಿನ ಉತ್ತರ ಸಾಲದು. ಮಗುವು ಜನರೊಡನೆ ಬೆರೆತು ಬಾಳುವುದನ್ನು ಯಾರಿಂದ, ಹೇಗೆ ಕಲಿಯುತ್ತದೆ ಎಂಬುದನ್ನು ಅರಿಯಲು ವಿಜ್ಞಾನವು ದೀರ್ಘಕಾಲ ತಡಕಾಡಿದೆ. ಆ ಚರಿತ್ರೆಯಲ್ಲಿ ನಮ್ಮ ವೈದ್ಯವರ್ಗವೇ ಎಡವಿದ ಪ್ರಸಂಗಗಳೂ ಉಂಟು.

1928ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ಶಿಶುಪಾಲನೆಯನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಮಕ್ಕಳನ್ನು ಅಪ್ಪಿ ಮುದ್ದಿಸಬಾರದು, ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಬೆಳಗ್ಗೆ ಕೈ ಕುಲುಕಿದರೆ ಸಾಕು ಎಂಬುದು ಅವರ ಉಪದೇಶ. ಅಂದಿನ ಆಸ್ಪತ್ರೆಗಳ ನಿಲುವೂ ಇದಕ್ಕೆ ಹತ್ತಿರವಾಗಿಯೇ ಇತ್ತು. ತಾಯಿ ಬಂದು ಹೋದರೆ ಮಗು ಅಳುತ್ತದೆ, ಸೋಂಕೂ ಹರಡೀತು ಎಂಬ ಕಾರಣಗಳಿಂದ ಭೇಟಿಯ ಸಮಯವನ್ನು ಬಿಗಿಯಾಗಿ ಮಿತಗೊಳಿಸಲಾಗಿತ್ತು. ಕೆಲವು ದಿನಗಳ ತರುವಾಯ ಮಗು ಅಳುವುದನ್ನು ನಿಲ್ಲಿಸಿದರೆ, ಅದು ಹೊಂದಿಕೊಂಡಿತೆಂದು ವೈದ್ಯರು ಸಮಾಧಾನ ತಾಳುತ್ತಿದ್ದರು.

ಆ ಸಮಾಧಾನವನ್ನು ಕದಡಿದ್ದು ಒಂದು ಚಲನಚಿತ್ರ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಜಾನ್ ಬೌಲ್ಬಿಯವರೊಡನೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್, ಸಣ್ಣ ಶಸ್ತ್ರಚಿಕಿತ್ಸೆಗಾಗಿ 8 ದಿನ ಆಸ್ಪತ್ರೆಯಲ್ಲಿದ್ದ ಲಾರಾ ಎಂಬ ಎರಡು ವರ್ಷದ ಬಾಲೆಯನ್ನು ಚಿತ್ರೀಕರಿಸಿದರು. ಆಕೆ ಹೆಚ್ಚು ಅಳಲಿಲ್ಲ. ಆದರೆ ಆ ಪುಟ್ಟ ಮುಖ ದಿನದಿಂದ ದಿನಕ್ಕೆ ಬಾಡಿ, ತಾಯಿ ಬಂದಾಗಲೂ ಮಂಕಾಗಿದ್ದುದನ್ನು ತೆರೆ ತೋರಿಸಿತು. 1952ರಲ್ಲಿ ಇದನ್ನು ಕಂಡ ಅನೇಕ ವೈದ್ಯರು ಮೊದಲಿಗೆ ಸಿಟ್ಟಾದರು. ಕ್ರಮೇಣ ಮನಸ್ಸು ಬದಲಾಯಿತು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ, ಮಕ್ಕಳನ್ನು ನೋಡಲು ತಂದೆತಾಯಂದಿರಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು. ಸದ್ದಿಲ್ಲದ ಮಗುವೆಲ್ಲ ಸುಖವಾಗಿರುವ ಮಗುವಲ್ಲ ಎಂಬ ಪಾಠವನ್ನು ನಾವು ಕಲಿತದ್ದು ಹೀಗೆ.

ಅದೇ ಕಾಲದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ಕೋತಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿ, ಅವುಗಳ ಮುಂದೆ ಎರಡು ಬೊಂಬೆತಾಯಿಗಳನ್ನಿಟ್ಟರು: ಒಂದು ತಂತಿಯದು, ಮತ್ತೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. 1958ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ಹಾಲು ತಂತಿಯ ತಾಯಿಯಲ್ಲಿದ್ದಾಗಲೂ ಮರಿಗಳು ಬಹು ಹೊತ್ತು ಅಪ್ಪಿಕೊಂಡಿದ್ದುದು ಬಟ್ಟೆಯ ತಾಯಿಯನ್ನೇ. ಆದರೆ ಬಟ್ಟೆಯ ತಾಯಿಯೂ ಸಾಲಲಿಲ್ಲ. ಬೊಂಬೆಯೊಂದನ್ನೇ ನಂಬಿ ಬೆಳೆದ ಮರಿಗಳಿಗೆ ಮುಂದೆ ತಮ್ಮ ಜಾತಿಯ ಇತರರೊಡನೆ ಬೆರೆಯಲು ಬರಲಿಲ್ಲ. ಅವುಗಳಲ್ಲಿ ತಾಯಾದ ಹಲವು, ತಮ್ಮ ಮರಿಗಳನ್ನೇ ಕಡೆಗಣಿಸಿದವು. ಇಂತಹ ಕ್ರೂರ ಪ್ರಯೋಗವನ್ನು ಇಂದು ಯಾರೂ ಸಮರ್ಥಿಸಲಾರರು. ಆದರೂ ಅದು ಹೇಳಿದ ಮಾತು ಉಳಿಯಿತು: ಬೊಂಬೆ ಮೆತ್ತಗಿರಬಹುದು, ಮರುಮಾತು ಆಡದು.

ಅಷ್ಟರಲ್ಲಿ ಅಮೆರಿಕದ ಮನೆಮನೆಗೂ ಟೆಲಿವಿಷನ್ ಬಂದಿತ್ತು. 1961ರಲ್ಲಿ ಸ್ಟ್ಯಾನ್‌ಫರ್ಡ್‌ನ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಶಿಶುವಿಹಾರದ 72 ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಹಿರಿಯರೊಬ್ಬರು ಗಾಳಿ ತುಂಬಿದ ದೊಡ್ಡ ಬೊಂಬೆಯನ್ನು ಹೊಡೆದು ಬಡಿದುದನ್ನು ಕಂಡ ಮಕ್ಕಳು, ತಾವೂ ಹಾಗೆಯೇ ಬಡಿದರು. ಬಳಸಿದ ಮಾತುಗಳೂ ಅವೇ. 1963ರಲ್ಲಿ ಅದನ್ನೇ ಚಲನಚಿತ್ರದಲ್ಲಿ ತೋರಿಸಿದಾಗಲೂ ಮಕ್ಕಳು ಅನುಕರಿಸಿದರು. 1965ರ ಪ್ರಯೋಗ ಇನ್ನೂ ಸೂಕ್ಷ್ಮವಾದುದು. ಹೊಡೆದವನಿಗೆ ಶಿಕ್ಷೆಯಾದುದನ್ನು ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ ಮಾಡಿ ತೋರಿಸಿದರೆ ಬಹುಮಾನವೆಂದಾಗ ಅವರಿಗೂ ಎಲ್ಲ ನೆನಪಿತ್ತು! ಆ ಬೊಂಬೆ ಹೊಡೆಯುವುದಕ್ಕೆಂದೇ ಮಾಡಿದ ಆಟಿಕೆ, ಅದರಿಂದ ನಿಜಜೀವನದ ಹಿಂಸೆಯನ್ನು ಅಳೆಯಲಾಗದು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ, ಮಗು ಕೂಡಲೇ ಮಾಡಿ ತೋರಿಸದಿದ್ದರೂ ಕಂಡದ್ದನ್ನು ಒಳಗೆ ಇಟ್ಟುಕೊಂಡಿರುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಹಾಗಾದರೆ ತೆರೆಯು ಭಾಷೆಯನ್ನೂ ಕಲಿಸಬಲ್ಲದೇ? ಈ ಪ್ರಶ್ನೆಗೆ ಬೆಳಕು ಚೆಲ್ಲಿದ್ದು 2003ರಲ್ಲಿ ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ ಮತ್ತು ಸಹೋದ್ಯೋಗಿಗಳ ಅಧ್ಯಯನ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಶಿಶುಗಳಿಗೆ 12 ಬಾರಿ, ಪ್ರತಿಸಲ ಸುಮಾರು 25 ನಿಮಿಷ, ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಲಾಯಿತು. ಎದುರಿಗೆ ಕುಳಿತು ಆಡಿಸುತ್ತ ಮಾತಾಡಿದವರಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಿದವು. ಅದೇ ಮಾತುಗಳನ್ನು ವಿಡಿಯೊದಲ್ಲಿ ನೋಡಿದ ಶಿಶುಗಳು ಏನನ್ನೂ ಕಲಿಯಲಿಲ್ಲ.

ಬಂಡೂರರ ಮಕ್ಕಳು ಮೂರರಿಂದ ಐದು ವರ್ಷದವರು; ಕೂಲ್ ಅವರವು ಹಾಲುಗೂಸುಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ತೋರುವುದಿಷ್ಟು: ತೆರೆಯ ಮೇಲಿನ ನಡತೆಯನ್ನು ಬುದ್ಧಿ ಬಂದ ಮಗು ಬೇಗ ಎತ್ತಿಕೊಳ್ಳುತ್ತದೆ, ಎಳೆಗೂಸಿಗೆ ಮಾತು ಹತ್ತುವುದು ಮಾತ್ರ, ತನ್ನ ತೊದಲಿಗೆ ಓಗೊಡುವ ಜೀವವೊಂದು ಎದುರಿಗಿದ್ದಾಗ.

ಆದುದರಿಂದ ಆ ಪ್ರಶ್ನೆ ಕೇಳುವ ತಂದೆತಾಯಂದಿರಿಗೆ ನಮ್ಮ ಉತ್ತರವಿದು. ಹಾಡು ತಪ್ಪಲ್ಲ, ಆದರೆ ಹಾಡುವವರು ನೀವಾಗಿ. ಶ್ರುತಿ ತಪ್ಪಿದರೆ ಮಗು ದೂರುವುದಿಲ್ಲ. ಫೋನು ಬೇಕೇ ಬೇಕೆಂದಾದರೆ ಅದರಲ್ಲಿ ಊರಿನ ಅಜ್ಜಿಯನ್ನು ಕೂರಿಸಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2016ರಲ್ಲಿ ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ತೆರೆ ಬೇಡವೆಂದಾಗ ವಿಡಿಯೊ ಕರೆಯೊಂದಕ್ಕೆ ವಿನಾಯಿತಿ ನೀಡಿತು. ಮಗು "ತಾತಾ" ಎಂದರೆ ಅಲ್ಲಿಂದ "ಏನಪ್ಪಾ ನನ್ನ ಬಂಗಾರ" ಎಂಬ ಮರುದನಿ ಬರುತ್ತದೆ. ಕನ್ನಡವೂ, ಜನರೊಡನೆ ಬಾಳುವ ಬಗೆಯೂ ಮಗುವಿಗೆ ದಕ್ಕುವುದು ಆ ಮರುದನಿಯಿಂದಲೇ.